ಗಾಡಿಯ ಗೂಡು ಹಿಗ್ಗಿಸುವ ಮುನ್ನ

ಕಾರಿನ ಹಿಂದೆ ಕೊಂಡಿ ಹಾಕಿ ಎಳೆದುಕೊಂಡು ಹೋಗುವ ವಸತಿ ಟ್ರೇಲರ್ ನಮ್ಮ ನಡುನಾಡಿನಲ್ಲಿ ಅಪರೂಪದ ವಸ್ತು. ದಾವಣಗೆರೆಯಲ್ಲೋ ಹರಿಹರದಲ್ಲೋ ಊರೂರು ತಿರುಗುವ ಆಸೆ ಹುಟ್ಟಿದ ಕುಟುಂಬಕ್ಕೆ ಕೈಗೆಟಕುವುದು ಹಳೆಯ ಟೆಂಪೋ ಟ್ರಾವೆಲರ್, ಓಮ್ನಿ, ಈಕೋದಂಥ ಗಾಡಿ. ಹಿಂದೆ ಒಂದು ಮಂಚ, ಪಕ್ಕದಲ್ಲಿ ಒಲೆಗೊಂದು ಕಟ್ಟೆ, ಕಿಟಕಿಗೆ ಪರದೆ. ಅಷ್ಟಾದರೆ ಸಂಚಾರಿ ಮನೆ ಸಿದ್ಧ. ಮೊದಲೆರಡು ಪ್ರವಾಸ ಮುಗಿಯುವಷ್ಟರಲ್ಲಿ ದೂರು ಶುರುವಾಗುತ್ತದೆ: ಸಾಮಾನಿಗೆ ಜಾಗ ಸಾಲದು. ಇರುವ ಗೂಡುಗಳನ್ನು ಹಿಗ್ಗಿಸಬೇಕು, ಹೊಸದಾಗಿ ಒಂದೆರಡು ಕೂರಿಸಬೇಕು. ಈ ಕೆಲಸವನ್ನು ಮನೆಯಂಗಳದಲ್ಲಿ ತಾವೇ ಮಾಡಿಕೊಳ್ಳುವುದು ಸರಿಯೇ ಎಂಬ ಬಗ್ಗೆ ತಿಳಿದವರಲ್ಲೇ ಎರಡು ಅಭಿಪ್ರಾಯಗಳಿವೆ. ಎರಡಕ್ಕೂ ಗಟ್ಟಿ ಆಧಾರವಿದೆ.

ತಾವೇ ಮಾಡಿಕೊಳ್ಳಬೇಕು ಎನ್ನುವವರ ಮೊದಲ ವಾದ ಅಗತ್ಯದ್ದು. ಯಾರ ಮನೆಗೆ ಏನು ಬೇಕು ಎಂಬುದು ಆ ಮನೆಯವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರಲಾರದು. ಖಡಕ್ ರೊಟ್ಟಿಯ ಕಟ್ಟು ಪುಡಿಯಾಗದಂತೆ ಇಡಲು ಅಗಲವಾದ, ಎತ್ತರ ಕಡಿಮೆಯಿರುವ ಗೂಡು ಬೇಕು. ಸಕ್ಕರೆ ಕಾಯಿಲೆಯ ಅಜ್ಜನ ಔಷಧಿ ಬಿಸಿಲು ತಾಗದ, ಆದರೆ ಕೂತಲ್ಲೇ ಕೈಗೆ ಸಿಗುವ ಜಾಗದಲ್ಲಿರಬೇಕು. ಶೃಂಗೇರಿ, ಹೊರನಾಡು, ಜೋಗದ ಕಡೆ ಹೊರಟರೆ ಒದ್ದೆ ಬಟ್ಟೆಗೇ ಒಂದು ಗೂಡು ಬೇಕು. ಹಂಪಿ, ಸವದತ್ತಿಯ ಕಡೆ ಹೋದರೆ ಆ ಜಾಗ ನೀರಿನ ಕ್ಯಾನಿಗೆ ಬೇಕು. ಸಿದ್ಧ ವಿನ್ಯಾಸದಲ್ಲಿ ಇಂಥ ಲೆಕ್ಕ ಇರುವುದಿಲ್ಲ. ಸೀಟಿನ ಕೆಳಗಿನ ಪೊಳ್ಳು, ಚಕ್ರದ ಕಮಾನಿನ ಮೇಲಿನ ಮೂಲೆ, ಮಂಚದ ಕಾಲಿನ ನಡುವಿನ ಸಂದು, ಎಲ್ಲವೂ ವ್ಯರ್ಥವಾಗಿ ಬಿದ್ದಿರುತ್ತವೆ. ಅವನ್ನು ಅಂಗುಲ ಅಂಗುಲವಾಗಿ ಅಳೆದು ಬಳಸಿಕೊಳ್ಳುವ ತಾಳ್ಮೆ ಗಾಡಿಯ ಯಜಮಾನನಿಗಿರುವಷ್ಟು ಕೂಲಿಗೆ ಬಂದವರಿಗೆ ಇರಲಾರದು ಎಂಬ ಮಾತನ್ನು ತಳ್ಳಿಹಾಕುವಂತಿಲ್ಲ.

ಬೇಡ ಎನ್ನುವವರು ಇದನ್ನು ಅಲ್ಲಗಳೆಯುವುದಿಲ್ಲ. ಗಾಡಿಗೆ ಕಡಿಮೆ ಬೀಳುವುದು ಜಾಗವಲ್ಲ, ತೂಕದ ಮಿತಿ ಎಂಬುದು ಅವರ ವಾದ. ವಾಹನದ ನೋಂದಣಿ ಪತ್ರದಲ್ಲಿ, ಅಂದರೆ ಆರ್.ಸಿ.ಯಲ್ಲಿ, ಸಾಮಾನ್ಯವಾಗಿ ಖಾಲಿ ತೂಕವೂ ನಮೂದಾಗಿರುತ್ತದೆ, ತುಂಬಿದ ಗಾಡಿಯ ಗರಿಷ್ಠ ತೂಕವೂ ಇರುತ್ತದೆ. ಗೂಡು ಎಷ್ಟು ಹಿಗ್ಗಿದರೂ ಆ ಎರಡನೆಯ ಅಂಕಿ ಹಿಗ್ಗುವುದಿಲ್ಲ. ಎಂಟಡಿಗೆ ನಾಲ್ಕಡಿಯ, 12 ಮಿಲಿಮೀಟರ್ ದಪ್ಪದ ಒಂದು ಪ್ಲೈವುಡ್ ಹಲಗೆಯೇ 20 ಕಿಲೋ ದಾಟುತ್ತದೆ. 18 ಮಿಲಿಮೀಟರಿನದಾದರೆ 30ಕ್ಕೂ ಹೆಚ್ಚು. ಅದಕ್ಕೆ ಕಬ್ಬಿಣದ ಸ್ಕ್ವೇರ್ ಪೈಪು, ಕೀಲು, ಚಿಲಕ ಸೇರಬೇಕು. ಗೂಡಿನೊಳಗೆ ಒಂದು ಚೊಂಬೂ ಇಡುವ ಮೊದಲೇ ಒಬ್ಬ ಮನುಷ್ಯನಷ್ಟು ಭಾರ ಏರಿರುತ್ತದೆ. 60 ಲೀಟರ್ ನೀರು ತುಂಬಿಸಿದರೆ ಇನ್ನೂ 60 ಕಿಲೋ. ಜಾಗ ಇದ್ದರೆ ಸಾಮಾನು ತಾನಾಗಿಯೇ ಬಂದು ತುಂಬಿಕೊಳ್ಳುತ್ತದೆ ಎಂಬುದನ್ನು ಅಟ್ಟವಿರುವ ಮನೆಯಲ್ಲಿ ಬೆಳೆದವರೆಲ್ಲ ಬಲ್ಲರು. ಅಷ್ಟು ಭಾರ ಏರಿದರೂ ಅದನ್ನು ಹೊರಬೇಕಾದ ಬ್ರೇಕು, ಟೈರು, ಸ್ಪ್ರಿಂಗ್ ಪಟ್ಟಿಗಳು ಹಳೆಯವೇ.

ಇದಕ್ಕೂ ಉತ್ತರವಿದೆ. ತೂಕದ ಅಪಾಯ ಯಾರು ಮಾಡಿದ ಕೆಲಸಕ್ಕಾದರೂ ಒಂದೇ. ಅಂಗಡಿಯಲ್ಲಿ ಮಾಡಿಸಿದ ಗೂಡು ಹಗುರವಾಗಿರುತ್ತದೆ ಎಂಬ ಖಾತ್ರಿಯೇನೂ ಇಲ್ಲ. ಬೇಗ ಮುಗಿಸುವ ಅವಸರದಲ್ಲಿ ಕೈಗೆ ಸಿಕ್ಕ ದಪ್ಪ ಆಂಗಲ್ ಜಡಿದು ಕಳಿಸುವುದೂ ಉಂಟು. ತನ್ನ ಕೈಯಾರೆ ಮಾಡುವವನು ಅಲ್ಯೂಮಿನಿಯಂ ಹುಡುಕಿಯಾನು. ಅಷ್ಟೇ ಗಾತ್ರದ ಉಕ್ಕಿಗೆ ಹೋಲಿಸಿದರೆ ಅದರ ತೂಕ ಮೂರನೇ ಒಂದರಷ್ಟು. ಇನ್ನು ಕೈಕೆಲಸದ ಮಾತು ಬಂದರೆ ಈ ಅವಳಿ ಊರುಗಳಿಗೆ ಪಾಠ ಹೇಳಬೇಕಿಲ್ಲ. 1941ರಲ್ಲಿ ಹರಿಹರದಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಳ ಕಾಲ ಲೇತ್ ಯಂತ್ರಗಳನ್ನು ತಯಾರಿಸಿ ದೇಶಕ್ಕೆಲ್ಲ ಕಳಿಸಿತು. ಈ ಶತಮಾನದ ಆರಂಭದಲ್ಲಿ ಅದರ ಬಾಗಿಲು ಮುಚ್ಚಿದರೂ ಅಲ್ಲಿ ಪಳಗಿದ ಕೈಗಳು, ಆ ಕೈಗಳಿಂದ ಕಲಿತ ಮಕ್ಕಳು ಊರಲ್ಲಿದ್ದಾರೆ. ದಾವಣಗೆರೆಯ ಹತ್ತಿ ಗಿರಣಿಗಳ ಕಾಲದಿಂದಲೂ ಮುರಿದದ್ದನ್ನು ಎಸೆಯದೆ ರಿಪೇರಿ ಮಾಡಿಕೊಳ್ಳುವ ಬುದ್ಧಿ ಇಲ್ಲಿನದು. ಇಂಥ ನೆಲದಲ್ಲಿ ಒಂದು ಕಪಾಟು ಮಾಡಿಕೊಳ್ಳಲು ಯಾರ ಅಪ್ಪಣೆ ಬೇಕು ಎಂದು ಕೇಳುವವರ ಸ್ವಾಭಿಮಾನ ಗೌರವಕ್ಕೆ ಅರ್ಹವಾದದ್ದು.

ಆದರೆ ಲೇತಿನ ಮುಂದಿನ ಕುಶಲತೆ ಬೇರೆ, ಓಡುವ ಗಾಡಿಯ ಮೈ ಅರಿಯುವುದು ಬೇರೆ. ವ್ಯಾನಿನ ಹೊರತಗಡು ಬರೀ ಹೊದಿಕೆಯಾಗಿದ್ದರೆ ಚಿಂತೆಯಿರಲಿಲ್ಲ. ಓಮ್ನಿ, ಈಕೋ ಮಾದರಿಯ ಗಾಡಿಗಳಲ್ಲಿ ಪ್ರತ್ಯೇಕ ಚಾಸಿ ಇಲ್ಲ. ನೆಲ, ಪಕ್ಕೆ, ಛಾವಣಿ ಎಲ್ಲವೂ ಸೇರಿ ಭಾರ ಹೊರುತ್ತವೆ. ಹೊರಗಿನಿಂದ ತೆರೆಯುವ ಬಾಗಿಲಿಗೆಂದು ಪಕ್ಕೆಯಲ್ಲಿ ಎರಡಡಿ ತೂತು ಕೊರೆದರೆ ಭಾರ ಹೊರುವ ಒಂದು ಭಾಗವನ್ನೇ ಕಿತ್ತಂತೆ. ಕೊರೆದ ತೂತಿನ ಮೂಲೆ ಚೌಕವಾಗಿದ್ದರೆ ಅಲ್ಲಿಂದಲೇ ಬಿರುಕು ಹೊರಡುತ್ತದೆ. ಅದಕ್ಕೇ ಬಲ್ಲವರು ಮೂಲೆಯನ್ನು ದುಂಡಗೆ ಮಾಡಿ, ಸುತ್ತ ಚೌಕಟ್ಟು ಕೂರಿಸುತ್ತಾರೆ. ವಸತಿ ಟ್ರೇಲರುಗಳ ಗೋಡೆ ಬಹಳಷ್ಟು ಕಡೆ ಎರಡು ತೆಳು ಹಾಳೆಗಳ ನಡುವೆ ಫೋಮ್ ತುಂಬಿದ್ದಾಗಿರುತ್ತದೆ. ಅದಕ್ಕೆ ಸ್ಕ್ರೂ ಹಾಕಿದರೆ ಹಿಡಿತವೇ ಸಿಗದು; ತೂಗುಹಾಕಿದ ಕಪಾಟು ಹಾಳೆಯನ್ನೇ ಕಿತ್ತುಕೊಂಡು ಬರುತ್ತದೆ. ಬ್ಯಾಟರಿಯ ತಂತಿ ಬಿಚ್ಚದೆ ವೆಲ್ಡಿಂಗ್ ಮಾಡಿದರೆ ಇಂದಿನ ಗಾಡಿಗಳ ಎಲೆಕ್ಟ್ರಾನಿಕ್ ಭಾಗಗಳು ಸುಟ್ಟುಹೋಗಬಹುದು. ಇನ್ನು ನೀರು. ದಾವಣಗೆರೆಯ ಬಯಲಿನಲ್ಲಿ ವರ್ಷವಿಡೀ ಕಾಣದ ಸೋರಿಕೆ, ವರ್ಷಕ್ಕೆ 7,000 ಮಿಲಿಮೀಟರ್ ಆಸುಪಾಸು ಮಳೆ ಸುರಿಯುವ ಆಗುಂಬೆಯಲ್ಲಿ ಒಂದೇ ರಾತ್ರಿಯಲ್ಲಿ ಬಯಲಾಗುತ್ತದೆ. ಒಳಗೆ ಇಳಿದ ನೀರು ಪ್ಲೈವುಡ್ಡನ್ನು ಕೊಳೆಸಿ, ತಗಡನ್ನು ಒಳಗಿನಿಂದ ತುಕ್ಕು ಹಿಡಿಸುವುದು ಹೊರಗೆ ಕಾಣುವ ಹೊತ್ತಿಗೆ ತಡವಾಗಿರುತ್ತದೆ.

ಗೂಡು ಎಲ್ಲಿದೆ ಎಂಬುದು ಎಷ್ಟಿದೆ ಎಂಬುದಕ್ಕಿಂತ ಮುಖ್ಯ. ಈ ಮಾತಿನ ಮೇಲೆ ಎರಡೂ ಪಕ್ಷದವರು ಇನ್ನಷ್ಟು ಹೊತ್ತು ಕೂತು ಯೋಚಿಸಬೇಕು ಎಂದು ನನಗನ್ನಿಸುತ್ತದೆ. ಮುಂದಿನ ಹಿಂದಿನ ಅಚ್ಚುಗಳ ನಡುವೆ ಮೂರು ಮೀಟರ್ ಅಂತರವಿರುವ ಗಾಡಿಯೊಂದನ್ನು ತೆಗೆದುಕೊಳ್ಳೋಣ. ಅದರ ಹಿಂದಿನ ಅಚ್ಚಿನಿಂದ ಒಂದು ಮೀಟರ್ ಆಚೆಗೆ 60 ಕಿಲೋದ ಪೆಟ್ಟಿಗೆ ಕೂರಿಸಿದರೆ ಹಿಂದಿನ ಅಚ್ಚಿನ ಮೇಲೆ ಬೀಳುವ ಹೆಚ್ಚುವರಿ ಭಾರ 60 ಅಲ್ಲ, 80 ಕಿಲೋ. ಮುಂದಿನ ಚಕ್ರಗಳು 20 ಕಿಲೋದಷ್ಟು ಹಗುರವಾಗುತ್ತವೆ. ಸ್ಟೇರಿಂಗು ತಿರುಗಿಸುವುದು ಆ ಮುಂದಿನ ಚಕ್ರಗಳನ್ನೇ. ಎಳೆದುಕೊಂಡು ಹೋಗುವ ಟ್ರೇಲರಿನಲ್ಲಿ ಅಪಾಯ ಇನ್ನೂ ದೊಡ್ಡದು: ಭಾರ ಅಚ್ಚಿನ ಹಿಂದಕ್ಕೆ ಸರಿದರೆ ಕೊಂಡಿಯ ಮೇಲಿನ ಒತ್ತಡ ಕಡಿಮೆಯಾಗಿ, ವೇಗದಲ್ಲಿ ಟ್ರೇಲರ್ ಬಾಲದಂತೆ ಓಲಾಡತೊಡಗುತ್ತದೆ. ಹರಿಹರದ ಬಳಿ ತುಂಗಭದ್ರೆಯ ಸೇತುವೆ ದಾಟುವಾಗ ಅಡ್ಡಗಾಳಿ ಬೀಸಿ, ಪಕ್ಕದಲ್ಲೇ ದೊಡ್ಡ ಲಾರಿಯೊಂದು ನುಗ್ಗಿದರೆ ಆ ಓಲಾಟವನ್ನು ಹಿಡಿತಕ್ಕೆ ತರುವುದು ಅನುಭವಿ ಚಾಲಕನಿಗೂ ಕಷ್ಟ. ಛಾವಣಿಯ ಮೇಲಿನ ಕ್ಯಾರಿಯರ್ ತರುವ ತೊಂದರೆ ಬೇರೆ ಬಗೆಯದು. ಅದು ಗಾಡಿಯ ಭಾರಕೇಂದ್ರವನ್ನು ಮೇಲಕ್ಕೆತ್ತಿ, ತಿರುವಿನಲ್ಲಿ ಮಗುಚುವ ಸಾಧ್ಯತೆ ಹೆಚ್ಚಿಸುತ್ತದೆ. ಘಾಟಿ ಇಳಿಯುವವರಿಗೆ ಇದು ಸಣ್ಣ ಸಂಗತಿಯಲ್ಲ.

ಕಾನೂನು, ತಾವೇ ಮಾಡಿಕೊಳ್ಳುವುದು ಬೇಡ ಎನ್ನುವವರ ಕಡೆಗೇ ಹೆಚ್ಚು ವಾಲಿದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ನಿಗದಿಪಡಿಸಿದ ವಿವರಗಳಿಗೆ ಆರ್.ಸಿ.ಯ ವಿವರಗಳು ಹೊಂದದಂತೆ ಮಾಲೀಕ ತನ್ನ ಗಾಡಿಯನ್ನು ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಈ ನಿಲುವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆ, ಅಥವಾ ಎರಡನ್ನೂ ವಿಧಿಸಬಹುದು. ಹಿಂದಿನ ಸೀಟುಗಳನ್ನು ತೆಗೆದು ಆ ಜಾಗಕ್ಕೆ ಕಪಾಟು ಕೂರಿಸಿದರೆ ಆರ್.ಸಿ.ಯಲ್ಲಿರುವ ಆಸನ ಸಂಖ್ಯೆಯೇ ಸುಳ್ಳಾಗುತ್ತದೆ ಎಂಬುದನ್ನು ಎಷ್ಟೋ ಜನ ಗಮನಿಸುವುದಿಲ್ಲ. ಟ್ರೇಲರಿಗೂ ಪ್ರತ್ಯೇಕ ನೋಂದಣಿ ಬೇಕು. ಮೋಟಾರ್ ಕ್ಯಾರವಾನುಗಳಿಗೆಂದೇ ಎ.ಐ.ಎಸ್.-124 ಎಂಬ ಮಾನದಂಡವೂ ಇದೆ. ಅಪಘಾತವಾದಾಗ ವಿಮಾ ಕಂಪನಿ ಮೊದಲು ಕೇಳುವ ಪ್ರಶ್ನೆಗಳಲ್ಲಿ, ಗಾಡಿಯಲ್ಲಿ ತಿಳಿಸದೆ ಮಾಡಿದ ಬದಲಾವಣೆ ಇದೆಯೇ ಎಂಬುದೂ ಒಂದು.

ಈ ಕಾನೂನು ಸಣ್ಣ ಕುಟುಂಬದ ಪಾಲಿಗೆ ಕಠಿಣ ಎಂಬ ಆಕ್ಷೇಪ ಪ್ರಾಮಾಣಿಕವಾದದ್ದೇ. ನೆರೆಯ ಕೇರಳ 2021ರಲ್ಲಿ ಕ್ಯಾರವಾನ್ ಪ್ರವಾಸಕ್ಕೆಂದೇ ನೀತಿ ಪ್ರಕಟಿಸಿತು. ಆದರೆ ದುಬಾರಿ ಕ್ಯಾರವಾನ್ ಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ. ತನ್ನ ಹಳೆಯ ಗಾಡಿಯನ್ನೇ ತಕ್ಕಮಟ್ಟಿಗೆ ಸಜ್ಜುಗೊಳಿಸಿಕೊಳ್ಳುವ ಬಡ ಪ್ರವಾಸಿಗೆ ಸರಳವಾದ, ಅಗ್ಗದ ಪರವಾನಗಿಯ ದಾರಿಯೊಂದು ಇರಬೇಕಿತ್ತು. ಅದೇ ಹೊತ್ತಿಗೆ ರಸ್ತೆಯಲ್ಲಿ ಎದುರಿನಿಂದ ಬರುವವನ ಹಕ್ಕೂ ಇದೆ. ನನ್ನ ಮನೆಯ ಕಪಾಟು ಕಳಚಿ ಬಿದ್ದರೆ ನಷ್ಟ ನನಗೊಬ್ಬನಿಗೆ. ಹೆದ್ದಾರಿಯಲ್ಲಿ ಕಳಚಿ ಬಿದ್ದರೆ ಹಿಂದೆ ಬೈಕಿನಲ್ಲಿ ಬರುತ್ತಿರುವ, ನನ್ನ ಕುಶಲತೆಯ ಪರಿಚಯವೇ ಇಲ್ಲದ ಒಬ್ಬನ ಪ್ರಾಣಕ್ಕೆ ಕುತ್ತು. ಈ ವಾದದ ಮುಂದೆ ಸ್ವಾಭಿಮಾನದ ವಾದ ಸ್ವಲ್ಪ ತಲೆ ತಗ್ಗಿಸಲೇಬೇಕು.

ಗ್ಯಾಸಿನ ವಿಷಯದಲ್ಲಿ ಚರ್ಚೆಗೆ ಎಡೆಯೇ ಕಡಿಮೆ. ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ತಳದಲ್ಲಿ ನಿಲ್ಲುತ್ತದೆ. ಸಿಲಿಂಡರ್ ಇಡುವ ಗೂಡಿಗೆ ತಳದಲ್ಲೇ ಹೊರಗೆ ತೆರೆದ ಕಿಂಡಿ ಇರಬೇಕು, ಮಲಗುವ ಜಾಗಕ್ಕೆ ಸಂದು ಇರಬಾರದು. ಅದೇ ಗೂಡನ್ನು ಹಿಗ್ಗಿಸಿ ಬ್ಯಾಟರಿಯನ್ನೂ ಪಕ್ಕದಲ್ಲಿಡುವುದು ಯಾವ ಕಾರಣಕ್ಕೂ ಕೂಡದು.

ಹಾಗಾದರೆ ಮನೆಯವರ ಕೈಗೆ ಉಳಿಯುವುದೇನು? ಸಾಕಷ್ಟಿದೆ. ಊರೂರು ತಿರುಗಿ ಬದುಕಿದವರಲ್ಲಿ ದಾವಣಗೆರೆಯವರೇ ಆದ ರಂಗನಟಿ ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ನಾಟಕ ಕಂಪನಿಯಂಥವೂ ಇದ್ದವು. ವೃತ್ತಿ ಕಂಪನಿಗಳು ಪರದೆ, ಪೋಷಾಕು, ಪಾತ್ರೆಗಳನ್ನೆಲ್ಲ ಲಾರಿಯ ಮೈಗೆ ಜಡಿದ ಗೂಡುಗಳಲ್ಲಿ ಅಲ್ಲ, ಎತ್ತಿಡಬಹುದಾದ ಟ್ರಂಕು, ಪೆಟ್ಟಿಗೆಗಳಲ್ಲಿ ಸಾಗಿಸುತ್ತಿದ್ದವು. ಸಂಚಾರಿ ಮನೆಗೂ ಈ ಕ್ರಮವೇ ಹೆಚ್ಚು ಒಪ್ಪುತ್ತದೆ ಎಂಬ ಕಡೆಗೆ, ಎರಡೂ ವಾದಗಳನ್ನು ಕೇಳಿದ ಮೇಲೆ, ನನ್ನ ಮನಸ್ಸು ವಾಲುತ್ತದೆ. ಮಂಚದ ಕೆಳಗೆ ಜಾರುವ, ಬೆಲ್ಟಿನಿಂದ ಬಿಗಿದ ಪೆಟ್ಟಿಗೆಗಳು. ಬಾಗಿಲ ಒಳಮೈಗೆ ಬಟ್ಟೆಯ ಜೇಬುಗಳು. ಎರಡು ಅಚ್ಚುಗಳ ನಡುವೆ, ನೆಲಕ್ಕೆ ಆದಷ್ಟು ಹತ್ತಿರ ನೀರಿನ ಕ್ಯಾನು. ಇವನ್ನು ಮನೆಯವರೇ ಅಳೆದು, ಕೊಯ್ದು, ಹೊಲಿದು ಮಾಡಿಕೊಳ್ಳಲಿ. ಅಗತ್ಯ ಬದಲಾದರೆ ಬಿಚ್ಚಿ ತೆಗೆಯಬಹುದು, ಗಾಡಿ ಮಾರುವಾಗ ಇಳಿಸಿಕೊಳ್ಳಬಹುದು. ಇಲ್ಲಿಯೂ ಒಂದು ಕಟ್ಟುಪಾಡು ಬೇಕು: ಜೋರಾಗಿ ಬ್ರೇಕ್ ಹಾಕಿದಾಗ ಯಾವ ಪೆಟ್ಟಿಗೆಯೂ ಮುಂದಕ್ಕೆ ಹಾರದಷ್ಟು ಬಿಗಿಯಾಗಿರಬೇಕು.

ತಗಡು ಕೊರೆಯುವುದು, ಹಿಂದಕ್ಕೆ ಚಾಚಿದ ಪೆಟ್ಟಿಗೆ ಕೂರಿಸುವುದು, ಸೀಟು ತೆಗೆಯುವುದು, ಗ್ಯಾಸಿನ ಗೂಡು ಮಾಡುವುದು, ಈ ನಾಲ್ಕು ಮಾತ್ರ ಗಾಡಿಯ ಮೈ ಬಲ್ಲ ಫ್ಯಾಬ್ರಿಕೇಟರಿಗೆ ಬಿಡಬೇಕಾದವು. ಅದೂ ಆರ್‌ಟಿಓ ಕಚೇರಿಯಲ್ಲಿ ಕೇಳಿ, ಬರಹದಲ್ಲಿ ಒಪ್ಪಿಗೆ ಪಡೆದು, ವಿಮಾ ಕಂಪನಿಗೆ ತಿಳಿಸಿದ ಮೇಲೆ. ಅಲ್ಲಿಯೂ ಮಾಲೀಕ ಪಕ್ಕದಲ್ಲಿ ನಿಂತು ಅಳತೆ ಹೇಳಬಹುದು, ಯಾವ ದಪ್ಪದ ಪೈಪು ಎಂದು ಕೇಳಬಹುದು.

ಎಲ್ಲಕ್ಕೂ ಮೊದಲು ಒಂದು ಕೆಲಸ ಮಾಡಿ. ನೀರು ತುಂಬಿಸಿ, ಸಾಮಾನು ಹೇರಿ, ಮನೆಮಂದಿಯೆಲ್ಲ ಕೂತು, ಲಾರಿಯವರು ಕಾಟಾ ಹಾಕಿಸುವಲ್ಲಿಗೆ ನಿಮ್ಮ ಗಾಡಿಯನ್ನೂ ಒಯ್ದು ತೂಗಿಸಿ. ಬಂದ ಅಂಕಿಯನ್ನು ಆರ್.ಸಿ.ಯಲ್ಲಿರುವ ಗರಿಷ್ಠ ತೂಕದ ಪಕ್ಕದಲ್ಲಿಟ್ಟು ನೋಡಿ. ಎರಡರ ನಡುವೆ ಏನೂ ಉಳಿದಿಲ್ಲವೆಂದರೆ ಹೊಸ ಗೂಡಿನ ಯೋಚನೆ ಬಿಟ್ಟು, ಇರುವ ಸಾಮಾನಿನಲ್ಲಿ ಯಾವುದನ್ನು ಮನೆಯಲ್ಲೇ ಬಿಟ್ಟು ಹೋಗಬಹುದು ಎಂದು ನೋಡಿ.