ಖಾಲಿ ಉಳಿದ ಒಂದು ಕಾಲಂ

2025ರ ಮಾರ್ಚ್ ಕೊನೆಯ ವಾರ ಊರಿನಿಂದ ಕಾಕಾ ಫೋನ್ ಮಾಡಿದ್ದರು. ಕಾಕಾ ರಿಟೈರ್ಡ್ ಹೆಡ್‌ಮಾಸ್ತರು. ಪೇಪರನ್ನು ಮೊದಲ ಪುಟದಿಂದ ಹಿಡಿದು ಟೆಂಡರ್ ನೋಟೀಸಿನ ತನಕ ಓದುವವರು. "ತಮ್ಮಾ, ಎಮ್ಮೆಲ್ಲೆಗಳ ಪಗಾರ ಡಬಲ್ ಆತಂತಲ್ಲ. ನಲವತ್ತು ಸಾವಿರ ಇದ್ದದ್ದು ಎಂಬತ್ತು ಸಾವಿರ. ನಮ್ಮಾಂವ ಅದಕ್ಕ ಹೂಂ ಅಂದಾನೋ ಊಹೂಂ ಅಂದಾನೋ, ಅಷ್ಟ ನೋಡಿ ಹೇಳು. ನಿಮ್ಮ ಕಂಪ್ಯೂಟರಿನ್ಯಾಗ ಎಲ್ಲಾ ಸಿಗತೈತಲ್ಲ."

ಹತ್ತು ನಿಮಿಷದ ಕೆಲಸ ಅಂದುಕೊಂಡೆ. ನನ್ನ ಹೊಟ್ಟೆಪಾಡೇ ಯಾರು ಏನು ಮಾಡಿದರು, ಯಾವಾಗ ಮಾಡಿದರು ಎಂದು ಲೆಕ್ಕ ಇಡುವುದು. ಹೈದರಾಬಾದಿನ ಆಫೀಸಿನಲ್ಲಿ ಕೂತು ಮೂರು ಊರುಗಳಲ್ಲಿ ಚದುರಿರುವ ತಂಡದಲ್ಲಿ ಯಾರು ಯಾವ ಸಾಲು ಕೋಡ್ ಬದಲಿಸಿದರು, ಅದನ್ನು ಯಾರು ಒಪ್ಪಿದರು ಎಂಬುದನ್ನು ಗಂಟೆ, ನಿಮಿಷದ ಸಮೇತ ತೆಗೆದು ತೋರಿಸಬಲ್ಲೆ. ಆ ಭಾನುವಾರ ಒಂದು ಎಕ್ಸೆಲ್ ಶೀಟ್ ತೆರೆದೆ. ಮಸೂದೆ, ದಿನಾಂಕ, ಹಾಜರಿ, ಮಾತಾಡಿದರೇ, ಹೇಗೆ ಮತ ಹಾಕಿದರು ಎಂದು ಐದು ಕಾಲಂ ಹಾಕಿದೆ. ಐದನೆಯದು ಇವತ್ತಿಗೂ ಖಾಲಿ ಇದೆ. ನಾನು ಸೋಮಾರಿ ಎಂದಲ್ಲ, ಅದರಲ್ಲಿ ಬರೆಯಬೇಕಾದ ಸಂಗತಿ ಎಲ್ಲೂ ದಾಖಲಾಗಿಯೇ ಇಲ್ಲ.

2025ರ ಮಾರ್ಚ್ 21ರಂದು ವಿಧಾನಸಭೆಯಲ್ಲಿ ನಡೆದದ್ದು ಇಷ್ಟು. ಗುತ್ತಿಗೆ ಮೀಸಲಾತಿ ಮತ್ತು ಹನಿಟ್ರ್ಯಾಪ್ ವಿಷಯಕ್ಕೆ ಬಿಜೆಪಿಯವರು ಗದ್ದಲ ಎಬ್ಬಿಸಿದರು. ಅದೇ ದಿನ ಅವರಲ್ಲಿ 18 ಜನ ಆರು ತಿಂಗಳಿಗೆ ಅಮಾನತಾದರು (ಎರಡು ತಿಂಗಳಲ್ಲಿ ಅದು ವಾಪಸೂ ಆಯಿತು). ಆ ಗದ್ದಲದ ನಡುವೆಯೇ ಮುಖ್ಯಮಂತ್ರಿಯ ಸಂಬಳ 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ, ಶಾಸಕರದ್ದು 40ರಿಂದ 80 ಸಾವಿರಕ್ಕೆ ಏರಿಸುವ ಮಸೂದೆಗಳು ಚರ್ಚೆಯೇ ಇಲ್ಲದೆ ಪಾಸಾದವು. ಇದನ್ನು ಕಾಂಗ್ರೆಸ್ ಸರ್ಕಾರದ ಕಿತಾಪತಿ ಎಂದು ತಲೆಯಾಡಿಸುವವರು ಸ್ವಲ್ಪ ತಾಳಿ. 2022ರ ಫೆಬ್ರವರಿಯಲ್ಲಿ ಬಿಜೆಪಿ ಸರ್ಕಾರವಿತ್ತು. ಈಶ್ವರಪ್ಪನವರ ಧ್ವಜದ ಹೇಳಿಕೆಗೆ ಕಾಂಗ್ರೆಸ್ಸಿನವರು ಧರಣಿ ಕೂತಿದ್ದರು. ಆಗಲೂ ಗದ್ದಲದ ನಡುವೆ, ಆಗಲೂ ಚರ್ಚೆಯಿಲ್ಲದೆ, ಶಾಸಕರ ಸಂಬಳ 25ರಿಂದ 40 ಸಾವಿರಕ್ಕೆ ಹೋಯಿತು. ಕೂಗುವವರೂ ಕೂತವರೂ ಜಾಗ ಬದಲಿಸಿದ್ದರು ಅಷ್ಟೆ, ನಾಟಕ ಅದೇ. ಎರಡೂ ಸಲ ನಮ್ಮೂರ ಎಮ್ಮೆಲ್ಲೆ ಏನೆಂದರು ಎಂದು ಕಾಕಾಗೆ ಹೇಳಲು ನನ್ನ ಬಳಿ ಒಂದು ಅಕ್ಷರವೂ ಇಲ್ಲ. ಸಂಬಳ ಹೆಚ್ಚಾಗಬಾರದು ಎಂಬುದು ನನ್ನ ವಾದವಲ್ಲ. ಎಂಬತ್ತು ಸಾವಿರಕ್ಕಿಂತ ಹೆಚ್ಚು ಸಂಬಳದ ಹುಡುಗರು ನನ್ನ ತಂಡದಲ್ಲೇ ಇದ್ದಾರೆ. ಹೆಚ್ಚಿಸಿಕೊಳ್ಳಲಿ, ಆದರೆ ಹೆಸರು ಹೇಳಿ ಹೆಚ್ಚಿಸಿಕೊಳ್ಳಲಿ.

ಧ್ವನಿಮತ ಅಂದರೆ ಪೀಠದಲ್ಲಿರುವವರು "ಪರವಾಗಿರುವವರು ಹೌದು ಎನ್ನಿ, ವಿರುದ್ಧ ಇರುವವರು ಇಲ್ಲ ಎನ್ನಿ" ಎಂದು ಕೇಳಿ, ಯಾವ ಕೂಗು ಜೋರು ಎಂದು ಕಿವಿಯಲ್ಲೇ ಅಂದಾಜು ಮಾಡುವುದು. ಯಾರಿಗೂ ತಕರಾರಿಲ್ಲದ ಸಣ್ಣಪುಟ್ಟ ವಿಷಯಕ್ಕೆ ಇದು ತಪ್ಪಲ್ಲ. ಬ್ರಿಟನ್ನಿನಲ್ಲೂ ಮೊದಲು ಕೂಗೇ. ಆದರೆ ಅಲ್ಲಿ ಆ ಕೂಗನ್ನು ಪಟ್ಟು ಹಿಡಿದು ಪ್ರಶ್ನಿಸಿದರೆ ಸದಸ್ಯರು ಎದ್ದು ಹೋಗಿ ಮತ ಹಾಕುತ್ತಾರೆ, ಯಾರು ಯಾವ ಕಡೆ ಹೋದರೆಂಬ ಪಟ್ಟಿಯನ್ನು ಹೌಸ್ ಆಫ್ ಕಾಮನ್ಸ್ 1836ರಿಂದ ತಾನೇ ಪ್ರಕಟಿಸುತ್ತಿದೆ. ಅಮೆರಿಕದ ಸಂವಿಧಾನದಲ್ಲಿ ಹಾಜರಿದ್ದವರಲ್ಲಿ ಐದನೇ ಒಂದು ಭಾಗ ಕೇಳಿದರೆ ಸಾಕು, ಹೆಸರುಗಳನ್ನು ಬರೆಯಲೇಬೇಕು. ನಮ್ಮಲ್ಲೂ ಒಬ್ಬ ಸದಸ್ಯ ಮತ ವಿಭಜನೆ ಕೇಳಬಹುದು. ಆದರೆ ಲೋಕಸಭೆಯ 367ನೇ ನಿಯಮ ಓದಿ ನೋಡಿ. ಬೇಡಿಕೆ ಅನಗತ್ಯ ಎಂದು ಸ್ಪೀಕರ್‌ಗೆ ಅನಿಸಿದರೆ ಎರಡೂ ಕಡೆಯವರನ್ನು ಇದ್ದಲ್ಲೇ ಎದ್ದು ನಿಲ್ಲಿಸಿ ತಲೆ ಎಣಿಸಿ ಮುಗಿಸಬಹುದು. ಹಾಗೆ ಮುಗಿಸಿದಾಗ ಯಾರು ಯಾವ ಕಡೆ ನಿಂತರೆಂಬುದನ್ನು ಬರೆದಿಡುವಂತಿಲ್ಲ! ಬರೆಯದೆ ಬಿಡಬಹುದು ಎಂದಲ್ಲ, ಬರೆಯತಕ್ಕದ್ದಲ್ಲ ಎಂದೇ ಇದೆ.

ನಾನು ಬದುಕುತ್ತಿರುವ ರಾಜ್ಯ ಹುಟ್ಟಿದ್ದೂ ಹೀಗೆಯೇ. 2014ರ ಫೆಬ್ರವರಿ 18ರಂದು ಆಂಧ್ರ ವಿಭಜನೆಯ ಮಸೂದೆ ಲೋಕಸಭೆಯಲ್ಲಿ ಧ್ವನಿಮತದಿಂದ ಪಾಸಾಯಿತು. ಆ ಹೊತ್ತಿಗೆ ಸರಿಯಾಗಿ ಟೀವಿ ನೇರ ಪ್ರಸಾರವೂ ನಿಂತಿತು, ತಾಂತ್ರಿಕ ತೊಂದರೆ ಎಂದರು. ಮೂವತ್ತು ವರ್ಷ ತೆಲಂಗಾಣ ಬೇಡಿದವನಿಗೂ, ಬೇಡವೆಂದು ಬೀದಿಗಿಳಿದವನಿಗೂ ತಾನು ಗೆಲ್ಲಿಸಿ ಕಳಿಸಿದವರು ಏನೆಂದರು ಎಂದು ತೋರಿಸುವ ಕಾಗದವಿಲ್ಲ. ಕೃಷಿ ಮಸೂದೆಗಳದ್ದು ಇನ್ನೂ ವಿಚಿತ್ರ. 2020ರ ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ವಿರೋಧ ಪಕ್ಷದವರು ಮತ ವಿಭಜನೆ ಕೇಳಿದರು. ಅವರು ತಮ್ಮ ತಮ್ಮ ಜಾಗದಲ್ಲಿರಲಿಲ್ಲ ಎಂಬುದು ಉಪಸಭಾಪತಿಗಳ ಸಮರ್ಥನೆ. ಧ್ವನಿಮತದಲ್ಲಿ ಪಾಸಾಯಿತು, ಮರುದಿನ ಎಂಟು ಜನ ಅಮಾನತಾದರು. ವರ್ಷದ ಮೇಲೆ, 2021ರ ನವೆಂಬರ್ 29ರಂದು, ಎರಡೂ ಸದನಗಳು ಚರ್ಚೆಯಿಲ್ಲದೆ ಅವನ್ನೇ ವಾಪಸು ಪಡೆದವು. ಅದೂ ಧ್ವನಿಮತದಲ್ಲೇ. ಇಡೀ ದೇಶವನ್ನು ವರ್ಷಕಾಲ ಅಲ್ಲಾಡಿಸಿದ ಕಾಯ್ದೆಗಳು, ರಾಜ್ಯಸಭೆಯಲ್ಲಿ ಅವನ್ನು ತರುವಾಗಲೂ ಹೆಸರಿಲ್ಲ, ತೆಗೆಯುವಾಗಲೂ ಹೆಸರಿಲ್ಲ.

ನನ್ನ ಸಿಟ್ಟು ನೆತ್ತಿಗೇರುವುದು ಮಾತ್ರ 2018ರ ಮಾರ್ಚ್ 14ನ್ನು ನೆನೆದಾಗ. ಸದನದಲ್ಲಿ ದಿನವೂ ಗದ್ದಲ, ಬ್ಯಾಂಕ್ ಹಗರಣ, ಕಾವೇರಿ, ಆಂಧ್ರಕ್ಕೆ ವಿಶೇಷ ಸ್ಥಾನಮಾನ. ಆ ದಿನ ಇಡೀ ಬಜೆಟ್ಟು, ಹಣಕಾಸು ಮಸೂದೆ ಎಲ್ಲ ಸೇರಿ ಅರ್ಧ ಗಂಟೆಯ ಆಸುಪಾಸಿನಲ್ಲಿ ಚರ್ಚೆಯಿಲ್ಲದೆ ಮುಗಿದವು. ಆ ಹಣಕಾಸು ಮಸೂದೆಯ ಹೊಟ್ಟೆಯಲ್ಲಿ ಒಂದು ಸಣ್ಣ ತಿದ್ದುಪಡಿ ಇತ್ತು. ವಿದೇಶಿ ಕಂಪನಿಗಳಿಂದ ಪಕ್ಷಗಳು ಪಡೆದ ದೇಣಿಗೆಯನ್ನು 1976ರಿಂದಲೇ ಪೂರ್ವಾನ್ವಯವಾಗಿ ಸಕ್ರಮ ಮಾಡುವುದು. ಈ ದೇಣಿಗೆಯ ವಿಷಯದಲ್ಲಿ ಬಿಜೆಪಿ ಮತ್ತು ಕಾಂಗ್ರೆಸ್ ಎರಡೂ ಕಾನೂನು ಮುರಿದಿವೆ ಎಂದು ದೆಹಲಿ ಹೈಕೋರ್ಟು 2014ರಲ್ಲೇ ಹೇಳಿತ್ತು. ನಲವತ್ತೆರಡು ವರ್ಷ ಹಿಂದಕ್ಕೆ ಹೋಗಿ ಕಾನೂನನ್ನೇ ತಿದ್ದಿಕೊಂಡರು. ನಮ್ಮಲ್ಲಿ ಯಾರಾದರೂ ಹಳೇ ದಿನಾಂಕ ಹಾಕಿ ಒಂದು ಟೈಮ್‌ಶೀಟ್ ತಿದ್ದಿದರೆ ಎಚ್‌ಆರ್‌ನವರು ಮನೆಗೆ ಕಳಿಸುತ್ತಾರೆ. ದಿನವೆಲ್ಲ ಬಾವಿಗಿಳಿದು ಗಂಟಲು ಹರಿದುಕೊಳ್ಳುವವರು ಆ ಒಂದು ತಿದ್ದುಪಡಿಗೆ ಹೆಸರು ಬರೆಸಿ ಎಂದು ಹಟ ಹಿಡಿಯಲಿಲ್ಲ. ಯಾಕೆ ಎಂದು ಬಿಡಿಸಿ ಹೇಳಬೇಕೆ?

ಇನ್ನು ನಮ್ಮ ಮಾತಿಗೆ ಬರುತ್ತೇನೆ, ನಮ್ಮ ಅಂದರೆ ಓದಿದವರದ್ದು. ಪ್ರತಿ ಚುನಾವಣೆಗೆ ಮುಂಚೆ ಸಂಸದರ ಅಂಕಪಟ್ಟಿ ಎಂಬ ಬಣ್ಣದ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹಾರುತ್ತವೆ. ಹಾಜರಿ ಶೇಕಡಾ 92, ಪ್ರಶ್ನೆ 300, ಶಭಾಷ್. ನಮ್ಮ ಕನ್ನಡ ಬಳಗದ ಗೆಳೆಯರೊಬ್ಬರು ಇದನ್ನೇ ನೋಡಿ ಮತ ಹಾಕುತ್ತೇನೆ ಎಂದಾಗ ನಾನು ಜಗಳ ಆಡಿದೆ. ಪಿಆರ್‌ಎಸ್‌ನಂಥ ಸಂಸ್ಥೆಯವರು 2005ರಿಂದ ಶ್ರದ್ಧೆಯಿಂದ ಲೆಕ್ಕ ಇಡುತ್ತಿದ್ದಾರೆ, ಅವರ ಮೇಲೆ ನನಗೆ ಗೌರವವಿದೆ. ಸಿಕ್ಕಿದ್ದನ್ನು ಅವರು ಎಣಿಸುತ್ತಾರೆ, ಸಿಗದೇ ಇರುವುದನ್ನು ಎಲ್ಲಿಂದ ತರಲಿ? ತಪ್ಪು ಅದನ್ನೇ ಅಂಕ ಎಂದು ನಂಬುವ ನಮ್ಮದು. ಹಾಜರಿ ಎಂದರೆ ಸಹಿ, ಸಹಿ ಹಾಕಿ ಕ್ಯಾಂಟೀನಿಗೆ ಹೋದರೂ ಹಾಜರಿಯೇ. ಮಂತ್ರಿಗಳು ಸಹಿ ಹಾಕುವುದೇ ಇಲ್ಲ. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ, 230 ಚುಕ್ಕೆ ರಹಿತ ಪ್ರಶ್ನೆ, ಯಾರದ್ದು ಬರುತ್ತದೆ ಎಂಬುದಕ್ಕೆ ಲಾಟರಿ. ಲಿಖಿತ ಪ್ರಶ್ನೆಯನ್ನು ಆಪ್ತ ಸಹಾಯಕ ಬರೆದುಕೊಟ್ಟರೂ ಅಂಕ ಸಾಹೇಬರಿಗೇ. 2005ರ ಡಿಸೆಂಬರಿನಲ್ಲಿ ದುಡ್ಡು ತೆಗೆದುಕೊಂಡು ಪ್ರಶ್ನೆ ಕೇಳಿದ್ದಕ್ಕೆ 11 ಸಂಸದರು ಉಚ್ಚಾಟನೆಗೊಂಡರಲ್ಲ, ಇವತ್ತಿನ ಅಂಕಪಟ್ಟಿಯಲ್ಲಿ ಆ ಪ್ರಶ್ನೆಗಳಿಗೂ ಅಂಕ ಸಿಗುತ್ತಿತ್ತು. ಖಾಸಗಿ ಸದಸ್ಯರ ಮಸೂದೆಯ ಕಾಲಂ ಬೇರೆ ಇದೆ. ಸ್ವಾತಂತ್ರ್ಯ ಬಂದಾಗಿನಿಂದ ಹಾಗೆ ಕಾಯ್ದೆಯಾದವು 14, ಕೊನೆಯದ್ದು 1970ರಲ್ಲಿ, ನಾನು ಹುಟ್ಟುವ ಮೊದಲು.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ಹಿಂದೊಮ್ಮೆ ನನ್ನ ತಂಡದವರನ್ನು ಎಷ್ಟು ಟಿಕೆಟ್ ಮುಗಿಸಿದರು ಎಂಬುದರ ಮೇಲೆ ಅಳೆದೆ. ಎರಡೇ ತಿಂಗಳಲ್ಲಿ ಟಿಕೆಟ್ ಸಂಖ್ಯೆ ಮೂರು ಪಟ್ಟಾಯಿತು, ಪ್ರಾಡಕ್ಟ್ ಮಾತ್ರ ಇದ್ದಲ್ಲೇ ಇತ್ತು. ಹುಡುಗರು ಒಂದು ಕೆಲಸವನ್ನು ಐದು ಟಿಕೆಟ್ ಮಾಡಿ ಮುಗಿಸುತ್ತಿದ್ದರು. ತಪ್ಪು ಅವರದ್ದಲ್ಲ, ನನ್ನದು. ಏನನ್ನು ಅಳೆಯುತ್ತೇನೋ ಅದೇ ಸಿಕ್ಕಿತು. ಶಾಸಕನ ಕೆಲಸದ ಕೊನೆಯ ತುದಿ ಎಂದರೆ ಮತ. ಒಂದು ಕಾಯ್ದೆ ಆಗಬೇಕೋ ಬೇಡವೋ ಎಂದು ನನ್ನ ಪರವಾಗಿ ಹೇಳಲು ಅವನನ್ನು ಕಳಿಸಿದ್ದು. ಅದೊಂದನ್ನು ಬಿಟ್ಟು ಮಿಕ್ಕೆಲ್ಲದಕ್ಕೂ ನಾವು ಮಾರ್ಕ್ಸ್ ಹಾಕುತ್ತಿದ್ದೇವೆ.

ತಿಳಿದವರು ತಕ್ಷಣ ಹೇಳುವುದು ಪಕ್ಷಾಂತರ ನಿಷೇಧದ ಮಾತು. 1985ರಲ್ಲಿ 52ನೇ ತಿದ್ದುಪಡಿ ಬಂತು, ಹತ್ತನೇ ಅನುಸೂಚಿ ಬಂತು, ವಿಪ್ ಮೀರಿದರೆ ಸದಸ್ಯತ್ವವೇ ಹೋಗುತ್ತದೆ, ಪಕ್ಷ ಹೇಳಿದಂತೆ ಕೈ ಎತ್ತುವವನ ಮತ ಬರೆದಿಟ್ಟರೆಷ್ಟು ಬಿಟ್ಟರೆಷ್ಟು? ಈ ಮಾತಿನಲ್ಲಿ ತಥ್ಯವಿದೆ. ಆದರೆ ಅದು ವಿಪ್ಪಿನ ವಿರುದ್ಧದ ವಾದವೇ ಹೊರತು ದಾಖಲೆಯ ವಿರುದ್ಧದ್ದಲ್ಲ. ಸರ್ಕಾರ ಉಳಿಯುವ ಅಳಿಯುವ ಮತಕ್ಕೆ ಮಾತ್ರ ಅನರ್ಹತೆ ಇರಲಿ ಎಂದು 1990ರಲ್ಲೇ ದಿನೇಶ್ ಗೋಸ್ವಾಮಿ ಸಮಿತಿ ಹೇಳಿತ್ತು. 1999ರಲ್ಲಿ ಕಾನೂನು ಆಯೋಗ ಹೆಚ್ಚುಕಡಿಮೆ ಅದನ್ನೇ ಹೇಳಿತು. ಯಾವ ಪಕ್ಷಕ್ಕೂ ಬೇಡವಾಗಿದೆ. ಇನ್ನು ನಮ್ಮ ಕರ್ನಾಟಕದಲ್ಲಿ ಈ ಕಾಯ್ದೆ ಏನು ತಡೆಯಿತು? 2019ರಲ್ಲಿ 17 ಜನ ಅನರ್ಹರಾದರು, ಸುಪ್ರೀಂ ಕೋರ್ಟು ಅನರ್ಹತೆ ಸರಿ ಎಂದಿತು, ಡಿಸೆಂಬರಿನಲ್ಲಿ ಅವರಲ್ಲಿ ಹೆಚ್ಚಿನವರು ಬೇರೆ ಪಕ್ಷದ ಟಿಕೆಟ್ಟಿನಲ್ಲಿ ನಿಂತು ಗೆದ್ದು ಬಂದರು. ಅಂದರೆ ಸಗಟಾಗಿ ಹಾರುವವನಿಗೆ ದಾರಿ ಇದೆ, ಒಂದು ಮಸೂದೆಗೆ ಮಾತ್ರ "ಇದು ನನ್ನ ಕ್ಷೇತ್ರಕ್ಕೆ ಒಳ್ಳೆಯದಲ್ಲ" ಎನ್ನುವವನಿಗೆ ಇಲ್ಲ.

ಹೆಸರು ದಾಖಲಾದರೆ ಏನಾಗುತ್ತದೆ ಎಂಬುದಕ್ಕೆ ನಮ್ಮಲ್ಲೇ ಉದಾಹರಣೆ ಇದೆ. 2008ರ ಜುಲೈ 22ರ ವಿಶ್ವಾಸಮತದಲ್ಲಿ ಬೆಂಗಳೂರು ಉತ್ತರದ ಬಿಜೆಪಿ ಸಂಸದ ಎಚ್.ಟಿ. ಸಾಂಗ್ಲಿಯಾನ ಪಕ್ಷದ ಮಾತು ಮೀರಿ ಮನಮೋಹನ್ ಸಿಂಗ್ ಸರ್ಕಾರದ ಪರ ಮತ ಹಾಕಿದರು. ಪಕ್ಷ ಹೊರಹಾಕಿತು. ಮರುವರ್ಷ ಬೆಂಗಳೂರು ಕೇಂದ್ರದಿಂದ ಕಾಂಗ್ರೆಸ್ಸಿನಿಂದ ನಿಂತರು, ಸೋತರು. ಅವರು ಮಾಡಿದ್ದು ಸರಿಯೋ ತಪ್ಪೋ, ಅದು ಬೇರೆ ಮಾತು. ಮಾಡಿದ್ದು ಇಂಥದ್ದು ಎಂದು ಎಲ್ಲರಿಗೂ ಗೊತ್ತಿತ್ತು, ಜನ ತಮ್ಮ ಲೆಕ್ಕ ಹಾಕಿದರು. ನಾನು ಕೇಳುತ್ತಿರುವುದು ಇಷ್ಟನ್ನೇ.

ಸಮಯ ಹಾಳು ಎನ್ನುವವರಿಗೆ ಉತ್ತರ ಕೊಡುವುದೂ ಸಮಯ ಹಾಳು. ಲೋಕಸಭೆಯಲ್ಲಿ ಗುಂಡಿ ಒತ್ತಿ ಮತ ಹಾಕುವ ಯಂತ್ರ 1957ರಿಂದ ಇದೆ. ನಮ್ಮ ವಿಧಾನಸಭೆಯಲ್ಲಿ 2019ರಲ್ಲಿ ಸರ್ಕಾರ ಬಿದ್ದಾಗಲೂ ಸಾಲು ಸಾಲಾಗಿ ನಿಲ್ಲಿಸಿ ತಲೆ ಎಣಿಸಿ 99-105 ಎಂದರು. ಐಟಿ ರಾಜಧಾನಿ ಎಂದು ಮೆರೆಯುವ ರಾಜ್ಯಕ್ಕೆ 224 ಗುಂಡಿ ಭಾರವೇ? ಇನ್ನೊಂದು ಆಕ್ಷೇಪಣೆ ಇದೆ, ಅದು ಗಟ್ಟಿ. ಹೆಸರು ಬಯಲಾದರೆ ದುಡ್ಡಿದ್ದವರು, ತೋಳ್ಬಲದವರು ಬೆನ್ನು ಹತ್ತುತ್ತಾರೆ ಎಂಬುದು. ನಿಜ, ಹತ್ತಬಹುದು. ಆದರೆ ಅಂಥವರಿಗೆ ಈಗಲೂ ಒಳಗಿನ ಸುದ್ದಿ ತಲುಪುತ್ತದೆ ಸ್ವಾಮಿ. ಕತ್ತಲಲ್ಲಿ ಇರುವುದು ಕಾಕಾನಂಥವರು ಮಾತ್ರ.

2023ರ ಆಗಸ್ಟಿನಲ್ಲಿ ಬಂದ ಡಿಜಿಟಲ್ ಡೇಟಾ ರಕ್ಷಣೆಯ ಕಾಯ್ದೆಯ ಮೇಲೆ ನಾವೆಲ್ಲ ಆಫೀಸಿನಲ್ಲಿ ಸ್ಲೈಡು ಮಾಡಿದ್ದೇ ಮಾಡಿದ್ದು. ಬಳಕೆದಾರ ಯಾವ ದಿನ ಯಾವುದಕ್ಕೆ ಒಪ್ಪಿಗೆ ಕೊಟ್ಟ ಎಂದು ನಾವು ದಾಖಲೆ ಇಟ್ಟು ತೋರಿಸಬೇಕು. ಆ ಕಾಯ್ದೆಗೆ ಎರಡೂ ಸದನಗಳು ಒಪ್ಪಿಗೆ ಕೊಟ್ಟದ್ದು ಧ್ವನಿಮತದಲ್ಲಿ. ಅದರದ್ದೇ ಒಂದು ಕಲಮು ಮಾಹಿತಿ ಹಕ್ಕನ್ನೂ ತಿದ್ದಿದೆ.

ಈಗ ನನ್ನ ಶೀಟಿನಲ್ಲಿ ಐದನೇ ಕಾಲಮಿನ ತಲೆಬರಹ ಬದಲಿಸಿದ್ದೇನೆ: "ಮತ ವಿಭಜನೆ ಕೇಳಿದರೇ?" ಇದನ್ನು ಕೇಳಲು ವಿಪ್ಪಿನ ಅಡ್ಡಿಯಿಲ್ಲ, ಪಕ್ಷದ ಪರವಾಗಿಯೇ ಮತ ಹಾಕುವವನೂ ಎದ್ದು ನಿಂತು ಹೆಸರು ಬರೆಸಿ ಎನ್ನಬಹುದು. ಸ್ಪೀಕರ್ ಇಲ್ಲವೆಂದರೆ ಅದೂ ಕಲಾಪದಲ್ಲಿ ಬರಲಿ. ಮುಂದಿನ ಸಲ ಓಟು ಕೇಳಿಕೊಂಡು ನಮ್ಮ ಅಪಾರ್ಟ್‌ಮೆಂಟಿಗೆ ಬರುವವರಿಗೆ ನಾನು ಲಿಫ್ಟು, ಬೋರ್‌ವೆಲ್ಲು ಬಿಟ್ಟು ಇದೊಂದನ್ನೇ ಕೇಳುವವನು. ಗೆಳೆಯರೂ ಅವರವರ ಊರಲ್ಲಿ ಕೇಳಿ ನೋಡಿ.

ಕಾಕಾ ಆಗಲೇ ಕೇಳಿಬಿಟ್ಟಿದ್ದಾರೆ. ಊರಲ್ಲಿ ಯಾವುದೋ ಶಾಲಾ ಕೋಣೆಯ ಉದ್ಘಾಟನೆಗೆ ಎಮ್ಮೆಲ್ಲೆ ಬಂದಿದ್ದರಂತೆ. ಕಾಕಾ ಮುಂದೆ ಹೋಗಿ, "ಸಾಹೇಬ್ರ, ಪಗಾರದ ಬಿಲ್ಲಿಗೆ ನೀವೇನಂದ್ರಿ?" ಎಂದರಂತೆ. ಆಮೇಲೇನಾಯಿತು ಎಂದು ನಾನು ಕೇಳಿದೆ.

"ನಕ್ಕ. ಭುಜದ ಮ್ಯಾಲ ಕೈ ಇಟ್ಟ. ಅಂದು ಭಾಳ ಗದ್ಲ ಇತ್ತರೀ ಮಾಸ್ತರ, ನಾ ಏನಂದೆ ನನಗ ನೆಪ್ಪಿಲ್ಲ, ಚಾ ಕುಡೀರಿ ಅಂದ."