ಬಾಗಿಲ ಮೇಲೆ ಸತ್ತ ದೀಪ, ಕಡತದಲ್ಲಿ ಸರ್ಟಿಫಿಕೇಟು

ಮುಂಬಯಿ ಬಳಿಯ ಡೊಂಬಿವಲಿಯ ಎಂಐಡಿಸಿ ಕೈಗಾರಿಕಾ ವಸಾಹತಿನ ಪ್ರೋಬೇಸ್ ಕಾರ್ಖಾನೆ 2016ರ ಮೇ 26ರಂದು ಸಿಡಿದು ಹನ್ನೆರಡು ಜನ ಸತ್ತರು. ಎಂಟು ವರ್ಷ ತುಂಬಲು ಮೂರು ದಿನ ಬಾಕಿ ಇತ್ತು, 2024ರ ಮೇ 23ರಂದು ಅದೇ ವಸಾಹತಿನ ಅಮುದಾನ್ ಕೆಮಿಕಲ್ಸ್ ಸಿಡಿಯಿತು. ಹತ್ತಕ್ಕೂ ಹೆಚ್ಚು ಜೀವ ಹೋದವು. ತಿಂಗಳು ಕಳೆಯುವ ಮೊದಲೇ, ಜೂನ್ 12ರಂದು, ಅಲ್ಲಿಯ ಇಂಡೋ ಅಮೈನ್ಸ್‌ಗೆ ಬೆಂಕಿ ಬಿತ್ತು. ಡೊಂಬಿವಲಿಯ ಆ ಎರಡು ಸ್ಫೋಟಗಳ ನಡುವೆ, 2022ರ ಮೇ ತಿಂಗಳಲ್ಲಿ, ನವಿ ಮುಂಬಯಿಯ ಕೋಪರಖೈರಣೆಯ ನೆರೆಯ ಪಾವಣೆ ಎಂಐಡಿಸಿಯ ಬೆಂಕಿಯಲ್ಲಿ ಕಾರ್ಮಿಕರ ಸುಟ್ಟ ಶವಗಳು ಸಿಕ್ಕವು. ಮಂತ್ರಿಗಳು ಬಂದರು, ಪರಿಹಾರ ಘೋಷಿಸಿದರು. ಡೊಂಬಿವಲಿಯ ಅಪಾಯಕಾರಿ ಕಾರ್ಖಾನೆಗಳನ್ನು ಪಾತಾಳಗಂಗಾ ಕೈಗಾರಿಕಾ ಪ್ರದೇಶಕ್ಕೆ ಸಾಗಿಸುವ ಮಾತು ಮತ್ತೆ ಮತ್ತೆ ಕೇಳಿಬಂತು.

ಈ ಅವಘಡಗಳಿಗೆ ತುರ್ತು ಬಾಗಿಲ ಮೇಲಿನ ದೀಪ ಕಾರಣವೆಂದು ನಾವು ಹೇಳುತ್ತಿಲ್ಲ. ಪ್ರೋಬೇಸ್‌ನಲ್ಲಿ ಪ್ರೊಪಾರ್ಜಿಲ್ ಕ್ಲೋರೈಡ್ ಕಾದು ಸಿಡಿಯಿತೆಂದು ತನಿಖಾ ಸಮಿತಿ ವರದಿ ಕೊಟ್ಟಿತು. ಅದು ಜನರ ಕೈಗೆ ಸಿಗಲು ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕಾಯಿತು, ಆ ಮಾತು ಬೇರೆ. ಇವತ್ತು ದೀಪದ ವಿಷಯ ಎತ್ತಲು ಕಾರಣವಿದೆ. ರಿಯಾಕ್ಟರಿನೊಳಗೆ ಏನು ನಡೆಯುತ್ತಿದೆಯೆಂದು ಹೊರಗಿನವರಿಗೆ ತಿಳಿಯದು. ತುರ್ತು ಬಾಗಿಲ ಮೇಲಿನ ದೀಪ ಉರಿಯುತ್ತದೆಯೋ ಇಲ್ಲವೋ ಎಂಬುದು ಮಾತ್ರ ಎಂಥವರ ಕಣ್ಣಿಗೂ ಕಾಣುತ್ತದೆ. ಅಷ್ಟನ್ನೂ ನೋಡದ ಕಾರ್ಖಾನೆ ತಪಾಸಣೆಯ ಇಲಾಖೆ ರಿಯಾಕ್ಟರನ್ನು ನೋಡಿದೆಯೆಂದು ನಂಬುವುದು ಹೇಗೆ?

ರಾತ್ರಿ ಪಾಳಿಯಲ್ಲಿ ಸಾಲ್ವೆಂಟ್ ಸೋರಿತೆನ್ನಿ. ಟಾಲೀನ್, ಹೆಕ್ಸೇನ್‌ಗಳ ಆವಿ ಗಾಳಿಗಿಂತ ಭಾರ. ಅದು ನೆಲಕ್ಕೆ ಕವಿದು ಗಟಾರಕ್ಕೆ, ಕೇಬಲ್ ಹಾಕಿದ ತೋಡಿಗೆ ಇಳಿಯುತ್ತದೆ. ಎಲ್ಲೂ ಕಿಡಿ ಹಾರದಿರಲೆಂದು ಆ ಭಾಗದ ಕರೆಂಟು ತೆಗೆಯುತ್ತಾರೆ. ತೆಗೆಯಲೇಬೇಕು. ಓಡಬೇಕಾದ ಹೊತ್ತಿಗೇ ಶೆಡ್ಡಿಗೆ ಶೆಡ್ಡೇ ಕತ್ತಲಾಗುತ್ತದೆ. ಡ್ರಮ್ಮು, ಪೈಪು, ಕಬ್ಬಿಣದ ಏಣಿಗಳ ನಡುವೆ ತಡಕಾಡುವ ಹುಡುಗ ಜೇಬಿನಿಂದ ಮೊಬೈಲ್ ತೆಗೆದು ಟಾರ್ಚ್ ಹಾಕುತ್ತಾನೆ. ಅವನನ್ನು ಬೈದು ಫಲವಿಲ್ಲ, ಆದರೆ ನಮ್ಮ ನಿಮ್ಮ ಮೊಬೈಲು ಅಂಥ ಜಾಗಕ್ಕೆ ಒಯ್ಯುವ ಸಾಮಾನಲ್ಲ. ಅಂಗಡಿಯಿಂದ ತಂದ ಮಾಮೂಲಿ ಎಮರ್ಜೆನ್ಸಿ ಲ್ಯಾಂಪಿನ ಕಥೆಯೂ ಅಷ್ಟೇ. ಮೇನ್ ಇಳಿಸಿದ ಕೂಡಲೇ ಉಳಿದ ಯಂತ್ರಗಳೆಲ್ಲ ಸುಮ್ಮನಾಗುತ್ತವೆ. ಬ್ಯಾಟರಿ ಇಟ್ಟುಕೊಂಡ ಈ ಲ್ಯಾಂಪು ಅದೇ ಗಳಿಗೆಗೆ ಎಚ್ಚರಗೊಳ್ಳುತ್ತದೆ, ಆವಿಯ ನಡುವೆಯೇ. ಕಾಪಾಡಲು ಇಟ್ಟ ದೀಪವೇ ಕೊಳ್ಳಿ ಇಡಬಹುದು.

ಹಾಗಾಗಿಯೇ ಇಂಥ ಕಡೆ ಫ್ಲೇಮ್‌ಪ್ರೂಫ್ ದೀಪ ಬೇಕು. ಕಾರ್ಖಾನೆಯವರ ಬಾಯಲ್ಲಿ ಅದು ಎಫ್‌ಎಲ್‌ಪಿ ಫಿಟ್ಟಿಂಗ್. ಗಟ್ಟಿ ಅಲ್ಯೂಮಿನಿಯಂ ಎರಕದ ಪೆಟ್ಟಿಗೆ, ದಪ್ಪ ಗಾಜು, ಸುತ್ತ ಬೋಲ್ಟುಗಳು. ಇದು ಆವಿಯನ್ನು ಒಳಗೆ ಬಿಡದ ಪೆಟ್ಟಿಗೆ ಎಂದು ಬಹಳ ಜನ ತಿಳಿದಿದ್ದಾರೆ. ಆವಿ ಒಳಹೋಗುತ್ತದೆ, ಒಳಗೆ ಸಿಡಿಯಲೂಬಹುದು. ಆದರೆ ಮುಚ್ಚಳ ಮತ್ತು ಪೆಟ್ಟಿಗೆ ಕೂಡುವ ಕಡೆಯ ಕೂದಲೆಳೆಯಂಥ ಸಂದಿನಲ್ಲಿ ಹಾಯುವಾಗ ಬೆಂಕಿ ತಣಿದು, ಹೊರಗಿನ ಆವಿಗೆ ಹತ್ತುವ ಶಕ್ತಿ ಕಳೆದುಕೊಳ್ಳುತ್ತದೆ. 1815ರಲ್ಲಿ ಇಂಗ್ಲೆಂಡಿನ ಹಂಫ್ರಿ ಡೇವಿ ಕಲ್ಲಿದ್ದಲು ಗಣಿಯವರಿಗೆಂದು ದೀಪದ ಜ್ವಾಲೆಗೆ ತಂತಿ ಬಲೆ ಹೊದಿಸಿ ತೋರಿಸಿದ್ದು ಇದೇ ಉಪಾಯವನ್ನು. ಪೆಟ್ಟಿಗೆಯ ಹೊರಮೈ ಎಷ್ಟು ಬಿಸಿಯಾಗಬಹುದು ಎಂಬುದಕ್ಕೂ ಲೆಕ್ಕವಿದೆ. ಟಿ6 ಎಂದರೆ 85 ಡಿಗ್ರಿ ಮೀರುವಂತಿಲ್ಲ, ಟಿ4 ಎಂದರೆ 135. ಕಾರ್ಬನ್ ಡೈಸಲ್ಫೈಡ್‌ನಂಥ ದ್ರವದ ಆವಿ ಹೊತ್ತಿಕೊಳ್ಳಲು ನೀರು ಕುದಿಯುವಷ್ಟು ಬಿಸಿಯಿದ್ದರೆ ಸಾಕು, ಕಿಡಿಯೇ ಬೇಕಿಲ್ಲ.

ಪ್ರಯೋಗಾಲಯದಲ್ಲಿ ಪಾಸಾಗಿ, ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ, ಅಂದರೆ ಪೆಸೊ, ಒಪ್ಪಿಗೆ ಕೊಟ್ಟ ಮೇಲೆ ದೀಪ ಮಾರಾಟಕ್ಕೆ ಬರುತ್ತದೆ. ಬೆಲೆ ಮಾಮೂಲಿ ದೀಪದ ಹಲವು ಪಟ್ಟು. ಕೊಳ್ಳುವವರು ಕೊಳ್ಳುತ್ತಾರೆ, ಸರ್ಟಿಫಿಕೇಟಿನ ನಕಲು ಕಡತ ಸೇರುತ್ತದೆ. ಅಲ್ಲಿಂದಾಚೆಗೆ ಆಗುವುದನ್ನು ಮೇಂಟೆನೆನ್ಸ್‌ನ ಯಾವ ಎಲೆಕ್ಟ್ರಿಷಿಯನ್ ಬೇಕಾದರೂ ಹೇಳಿಯಾನು. ಎಂಟು ಬೋಲ್ಟು ಬಿಚ್ಚಿ ರಿಪೇರಿ ಮಾಡಿದವನು ಆರನ್ನು ಮಾತ್ರ ತಿರುಗಿ ಹಾಕುತ್ತಾನೆ. ಕೇಬಲ್ ತೆಗೆದ ತೂತಿಗೆ ಲೋಹದ ಪ್ಲಗ್ ಬರಬೇಕು. ಎಂ-ಸೀಲ್ ಮೆತ್ತಿ ಕೈತೊಳೆದುಕೊಳ್ಳುತ್ತಾರೆ. ಕೊಂಕಣದ ಮಳೆಗೆ ನೀರು ಇಳಿಯಿತೆಂದು ಸಂದಿಗೆ ರಬ್ಬರ್ ಪಟ್ಟಿ ಸೇರಿಸುತ್ತಾರೆ, ಇಲ್ಲವೇ ಮೇಲಿಂದ ಬಣ್ಣ ಬಳಿಯುತ್ತಾರೆ. ಅಲ್ಲಿಗೆ ಬೆಂಕಿ ತಣಿಸುತ್ತಿದ್ದ ಸಂದು ಕೆಟ್ಟಿತು, ದುಬಾರಿ ಪೆಟ್ಟಿಗೆ ಬರೀ ಪೆಟ್ಟಿಗೆಯಾಯಿತು. ಒಳಗಿನ ಬ್ಯಾಟರಿಗೂ ಆಯುಸ್ಸಿದೆ. ಕರೆಂಟು ಇರುವಷ್ಟು ಹೊತ್ತು ಹಸಿರು ಸೂಚಕ ಮಿನುಗುತ್ತಿರುತ್ತದೆ. ಬ್ಯಾಟರಿ ಸತ್ತಿದೆಯೆಂದು ತಿಳಿಯುವುದು ಕರೆಂಟು ಹೋದಾಗ.

ಸರ್ಟಿಫಿಕೇಟು ಹೇಳುವುದು ಪರೀಕ್ಷೆಗೆ ಹೋದ ಮಾದರಿಯ ಗುಣವನ್ನು. ಐದು ಮಳೆಗಾಲ ನೆನೆದ ನಿಮ್ಮ ಗೋಡೆಯ ದೀಪಕ್ಕೆ ಅದು ಜಾಮೀನಲ್ಲ. ಗೋಡೆಯ ದೀಪವನ್ನು ನೋಡಬೇಕಾದವರು ಬೇರೆ ಇದ್ದರು, ಫ್ಯಾಕ್ಟರಿ ಇನ್ಸ್‌ಪೆಕ್ಟರ್ ಎಂದು ಅವರನ್ನು ಕರೆಯುತ್ತಿದ್ದರು. 1948ರ ಕಾರ್ಖಾನೆ ಕಾಯ್ದೆಯ 36ಎ ಕಲಮಿನ ಪ್ರಕಾರ, ಹೊತ್ತುವ ಅನಿಲವಿರಬಹುದಾದ ಟ್ಯಾಂಕು, ಗುಂಡಿ, ಪೈಪಿನೊಳಗೆ ಫ್ಲೇಮ್‌ಪ್ರೂಫ್ ಅಲ್ಲದ ದೀಪ ಒಯ್ಯುವಂತಿರಲಿಲ್ಲ. ಕಾನೂನು ಅಷ್ಟು ಸ್ಪಷ್ಟವಿತ್ತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ ಕಾರ್ಮಿಕರ ಸುರಕ್ಷತೆಯ ಹೊಸ ಸಂಹಿತೆ ಬಂದಿದೆ. ಇನ್ಸ್‌ಪೆಕ್ಟರು ಈಗ ಉದ್ಯಮಕ್ಕೆ ಸಲಹೆಗಾರರೂ ಹೌದು, ಯಾವ ಕಾರ್ಖಾನೆಗೆ ಯಾರು ಹೋಗಬೇಕೆಂದು ಆರಿಸುವುದು ಕಂಪ್ಯೂಟರು. ಲಂಚ ತಪ್ಪಿಸುವ ಉದ್ದೇಶವಿದ್ದರೆ ಸ್ವಾಗತ. ಆದರೆ ಹಗಲಿಗೆ ಬಂದು ರಿಜಿಸ್ಟರ್ ತಿರುವಿ ಹೋಗುವ ತಪಾಸಣೆ ಮೊದಲೇ ಸೊರಗಿತ್ತು, ಇನ್ನಷ್ಟು ಸೊರಗುತ್ತದೆಂಬ ಭಯ ನಮ್ಮದು. ಉಳಿದದ್ದು ಸೇಫ್ಟಿ ಆಡಿಟ್. ಆಡಿಟರಿಗೆ ಫೀಸು ಕೊಡುವವರು ಕಾರ್ಖಾನೆಯ ಮಾಲೀಕರೇ. ಹೆಚ್ಚು ಹೇಳಬೇಕಾಗಿಲ್ಲ.

ಕೋಪರಖೈರಣೆಯಲ್ಲಿ ಈ ಅಪಾಯ ಕಾರ್ಖಾನೆಯ ಒಳಗಿನವರ ತಲೆನೋವಷ್ಟೇ ಆಗಿ ಉಳಿದಿಲ್ಲ. ರೈಲು ಹಳಿ ಮತ್ತು ಥಾಣೆ–ಬೇಲಾಪುರ ರಸ್ತೆಯ ಒಂದು ಮಗ್ಗುಲಿಗೆ ನಗರ ನಿರ್ಮಾಣ ಸಂಸ್ಥೆ ಸಿಡ್ಕೊದ ಸೆಕ್ಟರುಗಳ ಮನೆ, ಶಾಲೆ. ಇನ್ನೊಂದು ಮಗ್ಗುಲಿಗೆ ಖೈರಣೆ, ಪಾವಣೆ, ತುರ್ಭೆಯ ರಾಸಾಯನಿಕ ಶೆಡ್ಡುಗಳು. ನಮ್ಮ ಕನ್ನಡಿಗರು ಎರಡೂ ಕಡೆ ಇದ್ದಾರೆ. ಕ್ಯಾಂಟೀನ್ ನಡೆಸುವವರು, ಸೂಪರ್‌ವೈಸರುಗಳು, ಕಲಬುರಗಿ–ವಿಜಯಪುರದ ಕಡೆಯಿಂದ ಬಂದು ಗುತ್ತಿಗೆದಾರನ ಕೈಕೆಳಗೆ ಡ್ರಮ್ ಉರುಳಿಸುವವರು. ಗುತ್ತಿಗೆ ಹುಡುಗನಿಗೆ ತುರ್ತು ಬಾಗಿಲು ಎಲ್ಲಿದೆಯೆಂದು ತೋರಿಸಿಕೊಟ್ಟವರಿಲ್ಲದಿದ್ದರೆ, ಕತ್ತಲಲ್ಲಿ ಅವನಿಗೆ ಆ ದೀಪ ಬಿಟ್ಟು ಬೇರೆ ಗುರುತಿಲ್ಲ.

ಮಹಾರಾಷ್ಟ್ರದ ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ನಿರ್ದೇಶನಾಲಯವನ್ನು ನಾವು ಕೇಳುವುದು ದೊಡ್ಡದೇನಲ್ಲ. ಪ್ರತಿ ಅಪಾಯಕಾರಿ ಘಟಕದಲ್ಲಿ ತಿಂಗಳಿಗೊಮ್ಮೆ, ಕತ್ತಲಾದ ಮೇಲೆ, ಯಂತ್ರಗಳನ್ನು ಸುರಕ್ಷಿತವಾಗಿ ನಿಲ್ಲಿಸಿ ದೀಪದ ಮೇನ್ ಇಳಿಸಲಿ. ಎಷ್ಟು ದೀಪ ಹತ್ತಿದವು, ಎಷ್ಟು ಹೊತ್ತು ಉರಿದವು ಎಂದು ಬರೆದು, ಕಾರ್ಮಿಕರ ಪ್ರತಿನಿಧಿಯ ಸಹಿ ಹಾಕಿಸಿ, ಗೇಟಿನ ಫಲಕಕ್ಕೆ ಅಂಟಿಸಲಿ. ಮರಾಠಿ, ಹಿಂದಿಯ ಜತೆ ಕೆಲಸಗಾರರು ಓದಬಲ್ಲ ಭಾಷೆಗಳಲ್ಲಿ. ವರ್ಷಕ್ಕೊಮ್ಮೆ ಮಳೆಗಾಲದ ಮುಂಚೆ ಬೋಲ್ಟು, ಪ್ಲಗ್ಗು, ಸಂದುಗಳನ್ನು ಬಲ್ಲವರಿಂದ ಬಿಚ್ಚಿಸಿ ನೋಡಲಿ. ಇದಕ್ಕೆ ಹೊಸ ಕಾನೂನು ಬೇಡ, ಒಂದು ಸುತ್ತೋಲೆ ಸಾಕು.

ಡೊಂಬಿವಲಿಯಿಂದ ಬೇಲಾಪುರದವರೆಗಿನ ಕನ್ನಡ ಸಂಘಗಳಿಗೂ ಒಂದು ವಿನಂತಿ. ವಾರ್ಷಿಕೋತ್ಸವಕ್ಕೆ ದೇಣಿಗೆ ಕೇಳಲು ಕಾರ್ಖಾನೆ ಮಾಲೀಕರ ಬಳಿ ಹೋಗುತ್ತೀರಲ್ಲ, ಈ ಸಲ ರಸೀದಿ ಹರಿಯುವ ಮೊದಲು ಕೇಳಿ: ಸ್ವಾಮಿ, ನಿಮ್ಮ ಶೆಡ್ಡಿನ ಎಮರ್ಜೆನ್ಸಿ ದೀಪವನ್ನು ಕೊನೆಗೆ ಯಾವತ್ತು ಉರಿಸಿ ನೋಡಿದಿರಿ?