ಪ್ರಾಜೆಕ್ಟಿಗೂ ಒಂದು ಪದಕ ಇರಲಿ

ಘಟಿಕೋತ್ಸವದ ಮರುದಿನ ಪತ್ರಿಕೆಗಳಲ್ಲಿ ಚಿನ್ನದ ಹುಡುಗ, ಚಿನ್ನದ ಹುಡುಗಿಯರ ಫೋಟೊ ನೋಡಿ ಖುಷಿಪಡುತ್ತೇವೆ. ಇತಿಹಾಸ ವಿಷಯಕ್ಕೂ ಪದಕಗಳಿವೆ. ಆದರೆ ಅವೆಲ್ಲ ಸಾಮಾನ್ಯವಾಗಿ ಪರೀಕ್ಷೆಯ ಅಂಕಗಳಿಗೆ. ಪಾಣಿಪತ್ ಕದನವನ್ನು ಹತ್ತು ಅಂಕಕ್ಕೆ ಅಚ್ಚುಕಟ್ಟಾಗಿ ಬರೆದವರು ಮುಂದೆ ಬರುತ್ತಾರೆ. ಕೆರೆ ಏರಿಯ ವೀರಗಲ್ಲಿನ ಮುಂದೆ ಎರಡು ದಿನ ಕೂತು ಸವೆದ ಅಕ್ಷರ ಬಿಡಿಸಿದವರ ಹೆಸರು ಯಾರಿಗೂ ಗೊತ್ತಾಗುವುದಿಲ್ಲ.

ನನ್ನ ಸಹಪಾಠಿಯೊಬ್ಬಳು ತನ್ನೂರಿನ ಸಂತೆ ಏಕೆ ಪಕ್ಕದ ಊರಿಗೆ ಹೋಯಿತು ಎಂಬ ಬಗ್ಗೆ ಪ್ರಾಜೆಕ್ಟ್ ಮಾಡಿದ್ದಳು. ಎತ್ತಿನ ವ್ಯಾಪಾರ ಮಾಡುತ್ತಿದ್ದ ಅಜ್ಜಂದಿರನ್ನು ಮಾತನಾಡಿಸಿದ್ದಳು, ಪಂಚಾಯಿತಿಯ ಹಳೆಯ ಸುಂಕದ ಪುಸ್ತಕ ಹುಡುಕಿಸಿದ್ದಳು. ಮೌಖಿಕ ಪರೀಕ್ಷೆ ಐದು ನಿಮಿಷದಲ್ಲಿ ಮುಗಿಯಿತು. ಮರುವರ್ಷ ಆ ಬ್ಯಾಚಿನ ವರದಿಗಳೆಲ್ಲ ರದ್ದಿಗೆ ಹೋದವು. ಆ ಸಂತೆಯ ಬಗ್ಗೆ ಬೇರೆಲ್ಲೂ ಒಂದು ಪುಟ ಬರೆದಿಟ್ಟಿದ್ದು ನಾನಂತೂ ಕಂಡಿಲ್ಲ.

ಪದವಿ ವಿದ್ಯಾರ್ಥಿಗಳಿಂದ ಎಂಥ ಸಂಶೋಧನೆ ಎನ್ನುವವರಿದ್ದಾರೆ. ಬೇಗೂರಿನಲ್ಲಿ ಸುಮಾರು ಕ್ರಿ.ಶ. 890ರ ವೀರಗಲ್ಲೊಂದಿದೆ, ಬೆಂಗಳೂರಿನ ಹೆಸರು ಅದರಲ್ಲಿದೆ. ಬಿ.ಎಲ್. ರೈಸ್ ಅವರು ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಬೆಂಗಳೂರು ಜಿಲ್ಲೆಯ ಸಂಪುಟ ಪ್ರಕಟಿಸಿದ್ದು 1905ರಲ್ಲಿ. ಅದರಲ್ಲಿ ದಾಖಲಾದ ಎಷ್ಟೋ ಕಲ್ಲುಗಳು ಈಗ ಬಡಾವಣೆಗಳ ಅಡಿ ಸೇರಿವೆ. ಉಳಿದವನ್ನು ಹುಡುಕಿ 3ಡಿ ಸ್ಕ್ಯಾನ್ ಮಾಡುವ ಕೆಲಸ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ನಡೆದಿದೆ. ಅದನ್ನು ಶುರು ಮಾಡಿದವರು ಪ್ರಾಧ್ಯಾಪಕರಲ್ಲ, ಆಸಕ್ತ ನಾಗರಿಕರು. ಹಳೆ ಮೈಸೂರು ಭಾಗದ ಶಾಸನಗಳು ರೈಸ್ ಸಂಪುಟಗಳಲ್ಲಿ ತಾಲ್ಲೂಕುವಾರು ಅಚ್ಚಾಗಿವೆ. ನಿಮ್ಮ ತಾಲ್ಲೂಕಿನ ಪುಟ ತೆಗೆದು, ಹಳ್ಳಿ ಹಳ್ಳಿ ಸುತ್ತಿ, ಯಾವ ಕಲ್ಲು ಇದೆ, ಯಾವುದು ಬಟ್ಟೆ ಒಗೆಯುವ ಬಂಡೆಯಾಗಿದೆ ಎಂದು ಬರೆದರೂ ಅದು ಹೊಸ ಮಾಹಿತಿಯೇ. ಇದಕ್ಕೆ ಪಿಎಚ್.ಡಿ. ಬೇಕಿಲ್ಲ, ಬಸ್ ಪಾಸು, ತಾಳ್ಮೆ ಬೇಕು.

2021-22ರಲ್ಲಿ ರಾಜ್ಯಕ್ಕೆ ಬಂದ ನಾಲ್ಕು ವರ್ಷದ ಆನರ್ಸ್ ಪದವಿಯ ಕೊನೆಯ ವರ್ಷದಲ್ಲಿ ಸಂಶೋಧನೆಗೆ ಜಾಗವಿತ್ತು. 2024-25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಇಳಿದಿದೆ. ಹಾಗಾಗಿ ಈಗ ಕಾಲೇಜುಗಳೇ ಮನಸ್ಸು ಮಾಡಬೇಕು. ಹಳೆಯ ವಿದ್ಯಾರ್ಥಿಗಳಿಂದ ಐದು ಸಾವಿರ ರೂಪಾಯಿಯ ಬಹುಮಾನ, ಅರ್ಧ ದಿನದ ಮಂಡನೆ, ಗ್ರಂಥಾಲಯದಲ್ಲೊಂದು ಪ್ರತಿ, ಆ ಊರಿನ ಪಂಚಾಯಿತಿ ಗ್ರಂಥಾಲಯಕ್ಕೊಂದು ಪ್ರತಿ. ಖರ್ಚು ಇಷ್ಟೇ.

ಬಹುಮಾನ ಎಂದ ಕೂಡಲೇ ಕಳ್ಳದಾರಿಗಳೂ ಹುಟ್ಟುತ್ತವೆ ಅನ್ನಿ. ಸಿದ್ಧ ಪ್ರಾಜೆಕ್ಟ್ ಮಾರುವ ಜೆರಾಕ್ಸ್ ಅಂಗಡಿಗಳು ಮೊದಲೇ ಇದ್ದವು, ಈಗ ಎಐ ಕೂಡ ಸೇರಿದೆ. ಪುಟಗಳನ್ನೋ ಸ್ಪೈರಲ್ ಬೈಂಡಿಂಗನ್ನೋ ನೋಡಿ ಅಂಕ ಕೊಟ್ಟರೆ ಅವರೇ ಗೆಲ್ಲುತ್ತಾರೆ. ಅದರ ಬದಲು ವಿದ್ಯಾರ್ಥಿಯ ಟಿಪ್ಪಣಿ ಪುಸ್ತಕ ಕೇಳಿ. ಯಾರನ್ನು ಮಾತನಾಡಿಸಿದೆ, ಯಾವ ದಾಖಲೆ ಕೈಲಿ ಹಿಡಿದೆ ಎಂದು ಹತ್ತು ನಿಮಿಷ ಪ್ರಶ್ನಿಸಿದರೆ ಸತ್ಯ ತಾನಾಗಿ ಹೊರಬರುತ್ತದೆ.

‘ಬಿ.ಎ. ಹಿಸ್ಟರಿ ಓದಿ ಏನ್ ಮಾಡ್ತೀಯಪ್ಪಾ?’ ಎಂದು ಕೇಳಿಸಿಕೊಂಡೇ ನಾವು ಪದವಿ ಮುಗಿಸುತ್ತೇವೆ. ಪ್ರಾಜೆಕ್ಟಿಗೆ ಬಹುಮಾನ ಬಂದರೆ ನೌಕರಿ ಖಾತ್ರಿ ಎಂದು ನಾನು ಹೇಳಲಾರೆ. ಆದರೆ ಸಂದರ್ಶನದ ಕೊಠಡಿಯಲ್ಲಿ, ಗೈಡ್ ಪುಸ್ತಕದಲ್ಲಿಲ್ಲದ ವಿಷಯವೊಂದನ್ನು ತಡವರಿಸದೆ ಹೇಳಲು ಆ ಸಂತೆಯ ಹುಡುಗಿಗೆ ಸಾಧ್ಯ. ಅವಳೀಗ ಕೆಎಎಸ್‌ಗೆ ಓದುತ್ತಿದ್ದಾಳೆ. ತನ್ನ ವರದಿಯ ಒಂದೇ ಒಂದು ಪ್ರತಿ ಮನೆಯ ಟ್ರಂಕಿನಲ್ಲಿದೆಯಂತೆ.